ನಲವತ್ತರ ನಂತರ ಸ್ಕೀಯಿಂಗ್ ಕಲಿಯಲು ಮನೆ ಹತ್ತಿರದ ಚಿಕ್ಕ ಗುಡ್ಡ

ಪ್ರಶ್ನೆ: ನಾನು ದಾವಣಗೆರೆಯವಳು, ಹನ್ನೊಂದು ವರ್ಷಗಳಿಂದ ಮಿನೆಸೋಟ ರಾಜ್ಯದ ಈಡನ್ ಪ್ರೇರಿಯಲ್ಲಿದ್ದೇನೆ. ವಯಸ್ಸು 43. ಒಂಬತ್ತು ವರ್ಷದ ಮಗಳು ಶಾಲೆಯ ಸ್ಕೀ ಕ್ಲಬ್ಬಿನಲ್ಲಿ ಎರಡು ಚಳಿಗಾಲ ಕಲಿತು ಈಗ ಸರಾಗವಾಗಿ ಇಳಿಯುತ್ತಾಳೆ. ಫೆಬ್ರವರಿ ಕೊನೆಯಲ್ಲಿ ಸ್ನೇಹಿತರ ಕುಟುಂಬಗಳ ಜೊತೆ ಕೊಲೊರಾಡೋಗೆ ಹೋಗುವುದೆಂದು ನಿಶ್ಚಯವಾಗಿದೆ. ಅವಳ ಜೊತೆ ನಾನೂ ಇಳಿಯಬೇಕೆಂಬ ಆಸೆ. ಆದರೆ ಖಾಸಗಿ ಪಾಠದ ದರ ನೋಡಿ ಹಿಂಜರಿದಿದ್ದೇನೆ. "ಅಲ್ಲಿಗೆ ಹೋದ ಮೇಲೆ ಕಲಿತರಾಯಿತು, ಇಲ್ಲವೇ ನಾನೇ ಹೇಳಿಕೊಡುತ್ತೇನೆ" ಎನ್ನುತ್ತಾರೆ ನಮ್ಮ ಯಜಮಾನರು. ಮೊಣಕಾಲಿನ ಬಗ್ಗೆಯೂ ಅಂಜಿಕೆಯಿದೆ. ಕಡಿಮೆ ಖರ್ಚಿನಲ್ಲಿ, ಮನೆಯ ಹತ್ತಿರ ಕಲಿಯುವ ದಾರಿ ಇದೆಯೇ?

ಉತ್ತರ: ಇದೆ, ಮತ್ತು ನೀವಿರುವ ಊರಿನಲ್ಲಿ ಅದು ಬೇರೆ ಬಹಳ ಊರುಗಳಿಗಿಂತ ಸುಲಭವಾಗಿದೆ. ಕೊಲೊರಾಡೋಗೆ ಹೊರಡುವ ಮುನ್ನ, ಜನವರಿಯ ಮೊದಲ ವಾರದಿಂದ ಫೆಬ್ರವರಿಯ ನಡುವಿನವರೆಗೆ, ಮನೆಯಿಂದ ಅರ್ಧ ಗಂಟೆಯೊಳಗಿನ ಒಂದು ಚಿಕ್ಕ ಗುಡ್ಡದಲ್ಲಿ ವಾರದ ದಿನಗಳ ಸಂಜೆ ನಾಲ್ಕು ಗುಂಪು ಪಾಠಗಳನ್ನು ತೆಗೆದುಕೊಳ್ಳಿ, ಮತ್ತು ಪ್ರತಿ ಪಾಠದ ನಂತರ ಒಂದು ಗಂಟೆ ಅದೇ ಇಳಿಜಾರಿನಲ್ಲಿ ಒಬ್ಬರೇ ಅಭ್ಯಾಸ ಮಾಡಿ. ಖಾಸಗಿ ಪಾಠ ಈಗ ಬೇಡ. ಕೊಲೊರಾಡೋದಲ್ಲಿ ಮೊದಲ ಪಾಠ ಎಂಬ ಯೋಚನೆಯನ್ನಂತೂ ದಯವಿಟ್ಟು ಬಿಟ್ಟುಬಿಡಿ.

ಹಣದ ಲೆಕ್ಕವನ್ನೇ ಮೊದಲು ನೋಡೋಣ. ಸ್ಕೀಯಿಂಗ್ ಕಲಿಯುವ ಖರ್ಚನ್ನು ಎಲ್ಲರೂ ಪಾಠದ ಶುಲ್ಕದಿಂದ ಅಳೆಯುತ್ತಾರೆ. ಆದರೆ ಶುಲ್ಕದ ಜೊತೆಗೆ ಗುಡ್ಡದ ಮೇಲಕ್ಕೆ ಕರೆದೊಯ್ಯುವ ಲಿಫ್ಟಿನ ಟಿಕೆಟ್ಟು, ಸ್ಕೀ ಮತ್ತು ಬೂಟಿನ ಬಾಡಿಗೆ, ಬಟ್ಟೆ, ದೂರದ ಊರಾದರೆ ವಿಮಾನ ಮತ್ತು ವಸತಿ ಎಲ್ಲವೂ ಸೇರಿದಾಗ ಮಾತ್ರ ನಿಜವಾದ ಮೊತ್ತ ಕಾಣುತ್ತದೆ. ಕೊಲೊರಾಡೋದ ವೇಲ್ ಎಂಬ ಸ್ಕೀ ತಾಣದಲ್ಲಿ ಭರ್ತಿ ಋತುವಿನ ದಿನ ಕೌಂಟರಿನಲ್ಲಿ ನಿಂತು ಕೊಳ್ಳುವ ಒಂದು ದಿನದ ಟಿಕೆಟ್ಟಿನ ಬೆಲೆ ಈಗ 300 ಡಾಲರು ದಾಟಿದೆ. ಮೊದಲ ದಿನ ಕಲಿಯುವವರು ಆ ಪರ್ವತದ ಮೂಲೆಯೊಂದರಲ್ಲಿರುವ, ನಮ್ಮೂರಿನ ಗುಡ್ಡದಲ್ಲೂ ಇರುವಂಥದೇ ಒಂದು ಸಪ್ಪಟೆ ಇಳಿಜಾರನ್ನು ಬಿಟ್ಟು ಕದಲುವುದಿಲ್ಲ. ಅಷ್ಟು ಚಿಕ್ಕ ಇಳಿಜಾರಿಗೆ ಅಷ್ಟು ಹಣ ಕೊಡುವ ಅಗತ್ಯವಿಲ್ಲ.

ಚಿಕ್ಕ ಗುಡ್ಡವೆಂದರೆ ಕಡಿಮೆ ದರ್ಜೆಯದು ಎಂಬ ಭಾವನೆ ನಮ್ಮವರಲ್ಲಿ ಬಲವಾಗಿದೆ. ಬರ್ನ್ಸ್‌ವಿಲ್ ಊರಿನಲ್ಲಿ, ಇಂಟರ್‌ಸ್ಟೇಟ್ 35ರ ಪಕ್ಕದಲ್ಲೇ ಇರುವ ಬಕ್ ಹಿಲ್ ಅನ್ನು ನೀವು ಕಾರಿನಿಂದ ಎಷ್ಟೋ ಸಲ ನೋಡಿರುತ್ತೀರಿ. 1954ರಲ್ಲಿ ಆರಂಭವಾದ ಈ ತಾಣದ ಎತ್ತರ ಬುಡದಿಂದ ತುದಿಗೆ ಸುಮಾರು 310 ಅಡಿ, ಅಂದರೆ ಮೈಸೂರಿನಿಂದ ಕಾಣುವ ಚಾಮುಂಡಿ ಬೆಟ್ಟದ ಏರಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ ಡೌನ್‌ಹಿಲ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಲಿಂಡ್ಸೆ ವಾನ್ ಬಾಲ್ಯದಲ್ಲಿ ಪಳಗಿದ್ದು ಈ ಗುಡ್ಡದಲ್ಲೇ, ತರಬೇತುದಾರ ಎರಿಕ್ ಸೈಲರ್ ಅವರ ಕೈಕೆಳಗೆ. ಗುಡ್ಡ ಚಿಕ್ಕದಾದ್ದರಿಂದ ಇಳಿಯಲು ಒಂದು ನಿಮಿಷವೂ ಬೇಡ, ಮೇಲೆಳೆದುಕೊಂಡು ಹೋಗುವ ರೋಪ್ ಟೋ ನಿಲ್ಲುವುದೇ ಇಲ್ಲ. ಹೀಗಾಗಿ ದೊಡ್ಡ ಪರ್ವತದಲ್ಲಿ ಇಡೀ ಬೆಳಿಗ್ಗೆಯಲ್ಲಿ ಆಗುವಷ್ಟು ಇಳಿಯುವ ಸರದಿಗಳು ಇಲ್ಲಿ ಒಂದು ಸಂಜೆಯಲ್ಲೇ ಆಗುತ್ತವೆ. ಸಂಗೀತ ಕಲಿಯುವವರಿಗೆ ಸರಳೆ ವರಸೆ ಹೇಗೋ ಸ್ಕೀಯಿಂಗ್‌ಗೆ ಈ ಸರದಿಗಳು ಹಾಗೆ, ಮತ್ತು ವಯಸ್ಕರ ಮೈಗೆ ಮಕ್ಕಳ ಮೈಗಿಂತ ಹೆಚ್ಚು ಸರದಿ ಬೇಕು.

ಈಡನ್ ಪ್ರೇರಿಯಿಂದ ನಿಮಗೆ ಎಲ್ಲಕ್ಕಿಂತ ಹತ್ತಿರ ಬ್ಲೂಮಿಂಗ್ಟನ್‌ನ ಹೈಲ್ಯಾಂಡ್ ಹಿಲ್ಸ್. ಅದು ಖಾಸಗಿ ಕಂಪನಿಯದಲ್ಲ, ತ್ರೀ ರಿವರ್ಸ್ ಪಾರ್ಕ್ ಡಿಸ್ಟ್ರಿಕ್ಟ್ ಎಂಬ ಸಾರ್ವಜನಿಕ ಉದ್ಯಾನ ಸಂಸ್ಥೆ ನಡೆಸುವಂಥದು. ಎತ್ತರ ಬಕ್ ಹಿಲ್‌ಗಿಂತಲೂ ಕಡಿಮೆ, 200 ಅಡಿಯೊಳಗೆ. ಹೊಸದಾಗಿ ಕಲಿಯುವವರಿಗೆ ಅದೇ ಅದರ ಗುಣ. ಸೇಂಟ್ ಕ್ರೋಯಿ ನದಿಯ ಬಳಿಯ ಆಫ್ಟನ್ ಆಲ್ಪ್ಸ್ ಸ್ವಲ್ಪ ದೊಡ್ಡದು, ಸುಮಾರು 350 ಅಡಿ. 2012ರಿಂದ ಅದು ವೇಲ್ ರೆಸಾರ್ಟ್ಸ್ ಕಂಪನಿಯ ಕೈಯಲ್ಲಿದೆ. ಮುಂದೆ ನಿಮ್ಮ ಮನೆಯವರೆಲ್ಲ ಆ ಕಂಪನಿಯ ಸೀಸನ್ ಪಾಸು ಕೊಳ್ಳುವ ಯೋಚನೆಯಿದ್ದರೆ ಅದು ಅನುಕೂಲ, ಆದರೆ ಈ ವರ್ಷಕ್ಕೆ ನಿಮಗದು ದೂರವಾಯಿತು. ಕೆಲಸ ಮುಗಿಸಿ, ಮನೆಗೆ ಬಂದು ಒಂದು ಲೋಟ ಚಹಾ ಕುಡಿದು, ಆರೂವರೆಗೆ ಇಳಿಜಾರಿನಲ್ಲಿ ನಿಲ್ಲಲು ಸಾಧ್ಯವಾಗುವ ಗುಡ್ಡವನ್ನೇ ಆರಿಸಿ. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆಂದು ಅಂಜಬೇಕಾಗಿಲ್ಲ, ಈ ಗುಡ್ಡಗಳೆಲ್ಲ ದೀಪ ಹಾಕಿಕೊಂಡು ರಾತ್ರಿಯವರೆಗೆ ತೆರೆದಿರುತ್ತವೆ.

ಹೆಚ್ಚಿನ ಎಲ್ಲ ಸ್ಕೀ ಶಾಲೆಗಳಲ್ಲೂ ಮೊದಲ ಸಲ ಬರುವವರಿಗೆಂದೇ ಒಂದು ಪ್ಯಾಕೇಜು ಇರುತ್ತದೆ: ಗುಂಪು ಪಾಠ, ಬಾಡಿಗೆಯ ಸ್ಕೀ ಮತ್ತು ಬೂಟು, ಕಲಿಕೆಯ ಇಳಿಜಾರಿಗೆ ಮಾತ್ರ ಸಲ್ಲುವ ಲಿಫ್ಟ್ ಟಿಕೆಟ್ಟು, ಮೂರೂ ಸೇರಿ ಒಂದೇ ದರ. ಇವನ್ನು ಬಿಡಿಯಾಗಿ ಕೊಂಡರೆ ಆಗುವುದಕ್ಕಿಂತ ಇದು ಬಹಳ ಕಡಿಮೆ, ಏಕೆಂದರೆ ಹೊಸಬರು ಮತ್ತೆ ಬರಲಿ ಎಂಬುದೇ ಗುಡ್ಡದವರ ಉದ್ದೇಶ. ಒಂದೇ ಪಾಠದ ಪ್ಯಾಕೇಜಿಗಿಂತ ಮೂರು ಅಥವಾ ನಾಲ್ಕು ಪಾಠಗಳದು ತಲಾ ಲೆಕ್ಕದಲ್ಲಿ ಇನ್ನೂ ಅಗ್ಗ. ಕೆಲವು ಕಡೆ ಅಂಥ ಸರಣಿ ಮುಗಿಸಿದವರಿಗೆ ಆ ಋತು ಮುಗಿಯುವವರೆಗಿನ ಪಾಸನ್ನೂ ಸೇರಿಸಿ ಕೊಡುವುದುಂಟು. ಅಮೆರಿಕದ ಸ್ಕೀ ಉದ್ಯಮದವರು ಜನವರಿಯನ್ನು ಕಲಿಕೆಯ ತಿಂಗಳೆಂದು ಆಚರಿಸುವುದರಿಂದ ಆಗ ವಿಶೇಷ ದರಗಳೂ ಬರುತ್ತವೆ. ನಿಮ್ಮ ಶಾಲಾ ಜಿಲ್ಲೆಯ ಕಮ್ಯುನಿಟಿ ಎಜುಕೇಶನ್ ಪಟ್ಟಿಯನ್ನೂ ಒಮ್ಮೆ ನೋಡಿ. ಯೋಗ, ಈಜು, ಹೊಲಿಗೆಯ ನಡುವೆ ವಯಸ್ಕರ ಸ್ಕೀ ಪಾಠವೂ ಕೆಲವೊಮ್ಮೆ ಇರುತ್ತದೆ.

ಗುಂಪು ಪಾಠವೆಂದರೆ ಹತ್ತಾರು ಮಕ್ಕಳ ನಡುವೆ ನಿಲ್ಲಬೇಕಾದೀತೆಂಬ ಸಂಕೋಚ ಬೇಡ, ವಯಸ್ಕರ ಗುಂಪು ಬೇರೆಯೇ ಇರುತ್ತದೆ. ಹತ್ತು ವರ್ಷಗಳಿಂದ ಚಳಿಗಾಲದ ಸಂಜೆಗಳಲ್ಲಿ ಪಾಠ ಹೇಳುತ್ತಿರುವ ನನ್ನ ಅನುಭವದಲ್ಲಿ, ಶನಿವಾರ ಬೆಳಿಗ್ಗೆ ಎಂಟು ಜನರಿರುವ ಗುಂಪು ಮಂಗಳವಾರ ಸಂಜೆ ಇಬ್ಬರಿಗೆ ಇಳಿಯುತ್ತದೆ, ಎಷ್ಟೋ ಸಲ ಒಬ್ಬರೇ ಬಂದಿರುತ್ತಾರೆ. ಗುಂಪಿನ ದರದಲ್ಲಿ ಖಾಸಗಿ ಪಾಠ ಸಿಗುವ ದಾರಿ ಇದೊಂದೇ. ಹಣ ಕಟ್ಟುವ ಮೊದಲು ಸ್ಕೀ ಶಾಲೆಗೆ ಫೋನು ಮಾಡಿ, ವಯಸ್ಕರ ಮೊದಲ ಹಂತದ ಗುಂಪಿನಲ್ಲಿ ವಾರದ ದಿನ ಸಾಮಾನ್ಯವಾಗಿ ಎಷ್ಟು ಜನರಿರುತ್ತಾರೆ, ಪಾಠ ಮುಗಿದ ಮೇಲೂ ಬಾಡಿಗೆ ಮತ್ತು ಟಿಕೆಟ್ಟು ಮುಚ್ಚುವ ಹೊತ್ತಿನವರೆಗೆ ಸಲ್ಲುತ್ತವೆಯೇ, ವಿಪರೀತ ಚಳಿಯ ದಿನ ಪಾಠವನ್ನು ಮುಂದೂಡಬಹುದೇ ಎಂದು ವಿಚಾರಿಸಿ. ಎರಡನೆಯದಕ್ಕೆ ಹೌದು ಎನ್ನುವ ಗುಡ್ಡ ಸ್ವಲ್ಪ ದುಬಾರಿಯಾದರೂ ಲಾಭವೇ.

ನಿಮ್ಮ ಯಜಮಾನರು ಪ್ರೀತಿಯಿಂದಲೇ ಹೇಳಿದ್ದಾರೆ. ಆದರೂ ಅವರಿಂದ ಕಲಿಯಬೇಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಚೆನ್ನಾಗಿ ಸ್ಕೀ ಮಾಡುವವರಿಗೆ ತಾವು ಹೇಗೆ ನಿಲ್ಲುತ್ತೇವೆ, ಭಾರವನ್ನು ಯಾವಾಗ ಯಾವ ಕಾಲಿಗೆ ಹಾಕುತ್ತೇವೆ ಎಂಬುದು ಮರೆತೇ ಹೋಗಿರುತ್ತದೆ. ನನ್ನ 38ನೆಯ ವಯಸ್ಸಿನಲ್ಲಿ ಒಬ್ಬ ಗೆಳೆಯರು ಹೀಗೆಯೇ ಅಭಿಮಾನದಿಂದ ನನ್ನನ್ನು ಮೊದಲ ದಿನವೇ ಚೇರ್‌ಲಿಫ್ಟಿನಲ್ಲಿ ಗುಡ್ಡದ ತುದಿಗೆ ಕರೆದೊಯ್ದರು. ಅಲ್ಲಿಂದ ಕೆಳಗೆ ನೋಡಿದಾಗ ಕಾಲಿನ ಸ್ನಾಯುಗಳೆಲ್ಲ ಬಿಗಿದುಕೊಂಡವು. ನಾಲ್ಕು ಸಲ ಬಿದ್ದ ಮೇಲೆ ಸ್ಕೀಗಳನ್ನು ಬಿಚ್ಚಿ ಹೆಗಲಿಗೆ ಹೊತ್ತು ಇಳಿಜಾರಿನ ಅಂಚಿನಲ್ಲಿ ನಡೆದೇ ಕೆಳಗೆ ಬಂದೆ. ಆ ಒಂದು ದಿನದ ಹೆದರಿಕೆ ಬಿಡಲು ಎರಡು ಚಳಿಗಾಲ ಬೇಕಾಯಿತು. ಹೆದರಿದ ಮೈ ಕಲಿಯುವುದಿಲ್ಲ, ಗಟ್ಟಿಯಾಗಿ ನಿಲ್ಲುತ್ತದೆ ಅಷ್ಟೆ. ಯಜಮಾನರ ಸಹಾಯ ಬೇಕಾದರೆ ಪಾಠದ ಸಂಜೆಗಳಲ್ಲಿ ಅಡುಗೆಮನೆ ಮತ್ತು ಮಗಳ ಹೋಂವರ್ಕ್ ನೋಡಿಕೊಳ್ಳಲು ಕೇಳಿ. ಅದಿಲ್ಲದೆ ನಾಲ್ಕು ಸಂಜೆಗಳು ಒದಗುವುದು ಕಷ್ಟ.

ಸ್ಕೀ, ಬೂಟು ಯಾವುದನ್ನೂ ಈ ವರ್ಷ ಕೊಳ್ಳಬೇಡಿ. ಆದರೆ ಬಾಡಿಗೆ ಬೂಟನ್ನು ಆರಿಸುವಾಗ ಹತ್ತು ನಿಮಿಷ ಹೆಚ್ಚು ತೆಗೆದುಕೊಳ್ಳಿ. ಹೊಸಬರ ಸಂಕಟದಲ್ಲಿ ಅರ್ಧಕ್ಕಿಂತ ಹೆಚ್ಚು ಬೂಟಿನದೇ. ಕಳೆದ ಚಳಿಗಾಲದಲ್ಲಿ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಪಾಠ ಶುರುವಾಗಿ ಕಾಲು ಗಂಟೆಯೊಳಗೆ ಕಣ್ಣಲ್ಲಿ ನೀರು ತುಂಬಿಕೊಂಡು, ಕಾಲು ತಡೆಯಲಾಗುತ್ತಿಲ್ಲ ಎಂದರು. ಬೆಂಚಿನ ಮೇಲೆ ಕೂರಿಸಿ ಬಕಲ್ಲುಗಳನ್ನು ಬಿಚ್ಚಿದೆ. ಒಳಗೆ ಎರಡು ಜೊತೆ ಉಣ್ಣೆಯ ಕಾಲುಚೀಲ, ಅದರ ಮೇಲೆ ಥರ್ಮಲ್ ಪ್ಯಾಂಟಿನ ಅಂಚು ಮಡಿಕೆ ಮಡಿಕೆಯಾಗಿ ತುರುಕಿಕೊಂಡಿತ್ತು. ಎಲುಬಿನ ಮೇಲೆ ಆ ಮಡಿಕೆಯ ಗುರುತು ಕೆಂಪಾಗಿ ಮೂಡಿತ್ತು. ಒಂದು ಜೊತೆ ಚೀಲ ತೆಗೆಸಿ, ಪ್ಯಾಂಟಿನ ಅಂಚನ್ನು ಮೊಣಕಾಲಿನವರೆಗೆ ಎಳೆದು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಸರಿಸಿ ಮತ್ತೆ ಬಕಲ್ಲು ಹಾಕಿದೆವು. ಅವರು ಆ ಸಂಜೆ ಮುಚ್ಚುವವರೆಗೂ ಇಳಿದರು. ಆದ್ದರಿಂದ ಮೊಣಕಾಲಿನ ಹತ್ತಿರದವರೆಗೆ ಬರುವ ಒಂದೇ ಒಂದು ತೆಳುವಾದ ಕಾಲುಚೀಲ. ಬೂಟಿನೊಳಗೆ ಚೀಲ ಹಾಕಿದ ಕಾಲಿನ ಹೊರತು ಬೇರೇನೂ ಇರಬಾರದು. ಬೂಟಿನ ಅಳತೆ ಸೆಂಟಿಮೀಟರಿನಲ್ಲಿರುತ್ತದೆ, ನಿಮ್ಮ ಪಾದವನ್ನು ಮನೆಯಲ್ಲೇ ಅಳೆದುಕೊಂಡು ಹೋಗಿ. ನೆಟ್ಟಗೆ ನಿಂತಾಗ ಬೆರಳು ಮುಂದಕ್ಕೆ ತಾಗಿ, ಮೊಣಕಾಲು ಬಾಗಿಸಿದಾಗ ಸ್ವಲ್ಪ ಹಿಂದೆ ಸರಿದರೆ ಅದು ಸರಿಯಾದ ಬೂಟು. ನಡೆಯಲು ಹಿತವೆನಿಸುವ ಸಡಿಲ ಬೂಟು ಇಳಿಜಾರಿನಲ್ಲಿ ನಿಮ್ಮ ಮಾತು ಕೇಳುವುದಿಲ್ಲ.

ಬಾಡಿಗೆ ಅಂಗಡಿಯ ನಮೂನೆಯಲ್ಲಿ ಎತ್ತರ, ತೂಕ, ವಯಸ್ಸು ಮತ್ತು ನೀವು ಎಂಥ ಸ್ಕೀಯರ್ ಎಂದು ಕೇಳುತ್ತಾರೆ. ಬಿದ್ದಾಗ ಸ್ಕೀಯಿಂದ ಬೂಟು ಎಷ್ಟು ಬಲಕ್ಕೆ ಕಳಚಿಕೊಳ್ಳಬೇಕೆಂಬುದನ್ನು ಈ ಅಂಕಿಗಳಿಂದಲೇ ಬೈಂಡಿಂಗ್‌ನಲ್ಲಿ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯಲ್ಲಿ, ನಿಗದಿ ಮಾಡುತ್ತಾರೆ. ತೂಕವನ್ನು ಕಡಿಮೆ ಬರೆದರೆ ಬೇಡದ ಹೊತ್ತಿನಲ್ಲಿ ಕಳಚುತ್ತದೆ. ಹೆಚ್ಚು ಅನುಭವಿಯೆಂದು ಬರೆದರೆ ಬೇಕಾದಾಗ ಕಳಚದೆ ಮೊಣಕಾಲು ತಿರುಚುತ್ತದೆ. ಇದ್ದದ್ದನ್ನು ಇದ್ದಂತೆ ಬರೆಯಿರಿ, ಮತ್ತು ಮೊದಲ ದರ್ಜೆಯ, ಅಂದರೆ ನಿಧಾನವಾಗಿ ಎಚ್ಚರಿಕೆಯಿಂದ ಇಳಿಯುವವರ ಗುಂಪನ್ನೇ ಗುರುತು ಮಾಡಿ.

ಬಟ್ಟೆಗೆ ಹೆಚ್ಚು ಖರ್ಚಿಲ್ಲ. ಹನ್ನೊಂದು ಚಳಿಗಾಲ ಕಳೆದಿರುವ ನಿಮ್ಮಲ್ಲಿ ಒಳ್ಳೆಯ ಜಾಕೆಟ್ಟು ಇದ್ದೇ ಇರುತ್ತದೆ. ನೀರು ಹೀರದ ಪ್ಯಾಂಟು, ದಪ್ಪ ಕೈಗವಸು, ಗಾಗಲ್ಸ್ ಇವನ್ನು ಸ್ನೇಹಿತರಿಂದ ಎರವಲು ಪಡೆಯಬಹುದು, ಇಲ್ಲವೇ ಹಳೆಯ ಸಾಮಾನಿನ ಅಂಗಡಿಯಲ್ಲಿ ಹುಡುಕಬಹುದು. ಹೆಲ್ಮೆಟ್ಟು ಬಾಡಿಗೆಗೆ ಸಿಗುತ್ತದೆ, ಅದನ್ನು ಬಿಡಬೇಡಿ. ಜೀನ್ಸ್ ಮತ್ತು ಹತ್ತಿಯ ಒಳ ಅಂಗಿ ಬೆವರಿಗೆ ನೆನೆದು ಒಣಗದೆ ಮೈಯನ್ನು ತಣ್ಣಗಾಗಿಸುವುದರಿಂದ ಅವು ಬೇಡ.

ಇನ್ನು ಪಾಠದಲ್ಲಿ ಏನಾಗುತ್ತದೆ ಎಂಬುದು. ಮೊದಲು ಸಪಾಟು ನೆಲದಲ್ಲಿ ಒಂದೇ ಸ್ಕೀ ಹಾಕಿಸಿ ನಡೆಸುತ್ತಾರೆ, ಆಮೇಲೆ ಎರಡೂ ಹಾಕಿಸಿ ಅಡ್ಡಹೆಜ್ಜೆಯಲ್ಲಿ ನಾಲ್ಕು ಮಾರು ಹತ್ತಿಸಿ ಜಾರಲು ಬಿಡುತ್ತಾರೆ. ನಿಲ್ಲುವುದಕ್ಕೆ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಬೇಕು, ಎರಡು ಕೈಗಳ ಬೆರಳ ತುದಿ ಕೂಡಿಸಿ ಅಂಗೈಗಳನ್ನು ದೂರ ಮಾಡಿದ ಹಾಗೆ. ನಿಮ್ಮ ಮಗಳು ಇದನ್ನು ಪಿಜ್ಜಾ ಎನ್ನುತ್ತಾಳೆ. ಇದೇ ಆಕಾರದಲ್ಲಿ ಒಂದು ಕಾಲಿಗೆ ಹೆಚ್ಚು ಭಾರ ಹಾಕಿದರೆ ತಿರುವು ಬರುತ್ತದೆ. ಮೊದಲ ಸಂಜೆ ನಿಲ್ಲುವುದು, ಎರಡನೆಯ ಸಂಜೆ ತಿರುಗುವುದು, ಮೂರನೆಯ ಸಂಜೆ ಚೇರ್‌ಲಿಫ್ಟ್ ಹತ್ತಿ ಹಸಿರು ವೃತ್ತದ ಗುರುತಿರುವ ಸುಲಭದ ದಾರಿಯಲ್ಲಿ ಇಳಿಯುವುದು, ಇಷ್ಟಾದರೆ ಬಹಳ ಚೆನ್ನಾಗಿ ಕಲಿತಿರಿ ಎಂದು ಲೆಕ್ಕ. ಯಾವುದಾದರೂ ಒಂದು ಹಂತ ಎರಡು ಸಂಜೆ ಹಿಡಿದರೆ ಹಿಡಿಯಲಿ.

ವಯಸ್ಕರಿಗೆ ನಿಜವಾಗಿ ಕಷ್ಟವಾಗುವುದು ಒಂದೇ ವಿಷಯ. ನಾನು ಬೆಳೆದ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ ಕಟ್ಟುತ್ತದೆ; ಕಾಲು ಜಾರಿದ ಕ್ಷಣದಲ್ಲಿ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಿಮದ ಇಳಿಜಾರಿನಲ್ಲೂ ಮೈ ಅದನ್ನೇ ಮಾಡಲು ಹೋಗುತ್ತದೆ, ಆದರೆ ಹಿಂದಕ್ಕೆ ವಾಲಿದೊಡನೆ ಸ್ಕೀಯ ಮುಂಭಾಗದ ಮೇಲಿನ ಭಾರ ತಪ್ಪಿ ಅದು ತಿರುಗುವುದನ್ನು ನಿಲ್ಲಿಸುತ್ತದೆ, ವೇಗ ಹೆಚ್ಚುತ್ತದೆ, ವೇಗಕ್ಕೆ ಹೆದರಿ ಮೈ ಇನ್ನಷ್ಟು ಹಿಂದೆ ಹೋಗುತ್ತದೆ. ಮಕ್ಕಳಿಗೆ ಈ ಹೆದರಿಕೆಯ ನೆನಪು ಇಲ್ಲ, ನಮಗೆ ನಲವತ್ತು ವರ್ಷದ್ದಿದೆ. ಕನ್ನಡದವರು ಪಾಠಕ್ಕೆ ಬಂದಾಗ ನಾನು ಹೇಳುವುದು ಹೀಗೆ: ಮೊಣಕಾಲಿನ ಕೆಳಗಿನ ಎಲುಬಿಗೂ ಬೂಟಿನ ನಾಲಿಗೆಗೂ ನಡುವೆ ಒಂದು ವೀಳ್ಯದೆಲೆ ಇಟ್ಟಿದೆ ಎಂದುಕೊಳ್ಳಿ, ಕೆಳಗೆ ತಲುಪುವವರೆಗೆ ಅದು ಜಾರಿ ಬೀಳಬಾರದು. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು: ಗೋಡೆಯ ಮುಂದೆ ನಿಂತು, ಹಿಮ್ಮಡಿ ಎತ್ತದೆ, ಮೊಣಕಾಲು ಗೋಡೆಗೆ ತಾಗುವಂತೆ ಕಣಕಾಲನ್ನು ಬಾಗಿಸಿ. ಕುಕ್ಕರುಗಾಲಿನಲ್ಲಿ ಕೂರುವ ರೂಢಿ ಉಳಿಸಿಕೊಂಡಿದ್ದರೆ ನಿಮಗಿದು ಸುಲಭವಾಗುತ್ತದೆ.

ಮೊಣಕಾಲಿನ ಬಗ್ಗೆ ನಿಮ್ಮ ಅಂಜಿಕೆ ನ್ಯಾಯವಾದದ್ದು. ಸ್ಕೀಯಿಂಗ್‌ನಲ್ಲಿ ಗಂಭೀರವಾದ ಪೆಟ್ಟು ಹೆಚ್ಚಾಗಿ ಬೀಳುವುದು ಮೊಣಕಾಲಿನ ಒಳಗಿನ ಲಿಗಮೆಂಟಿಗೆ, ಮತ್ತು ಹಿಂದಕ್ಕೆ ಬೀಳುತ್ತಿರುವಾಗ ಇನ್ನೂ ಚಲಿಸುತ್ತಿದ್ದಂತೆಯೇ ಏಳಲು ಒದ್ದಾಡುವುದು ಅದಕ್ಕೆ ಒಂದು ಮುಖ್ಯ ಕಾರಣ. ಬೀಳುವುದು ಖಚಿತವೆನಿಸಿದಾಗ ಒಂದು ಪಕ್ಕಕ್ಕೆ, ಸೊಂಟದ ಬದಿಗೆ, ಮೆತ್ತಗೆ ಕೂತುಬಿಡಿ, ಕೈಗಳು ಮುಂದಿರಲಿ, ಪೂರ್ತಿ ನಿಂತ ಮೇಲೆ ಏಳಿ. ಕೈಯಲ್ಲಿ ಹಿಡಿಯುವ ಸ್ಕೀ ಕೋಲುಗಳನ್ನು ಕೊಟ್ಟಾಗ ಅವುಗಳ ಪಟ್ಟಿಯೊಳಗೆ ಕೈ ತೂರಿಸಬೇಡಿ, ಬಿದ್ದಾಗ ಹೆಬ್ಬೆರಳು ತಿರುಚುತ್ತದೆ. ಈಗಿನಿಂದಲೇ ದಿನಕ್ಕೆರಡು ಸಲ ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರುವುದನ್ನು ಹದಿನೈದು ಬಾರಿ ಮಾಡಿದರೆ ಆರು ವಾರದಲ್ಲಿ ತೊಡೆಗೆ ಬಲ ಬರುತ್ತದೆ. ಮೊಣಕಾಲಿಗೆ ಹಿಂದೆ ಪೆಟ್ಟಾಗಿದ್ದರೆ, ಅಥವಾ ಮೆಟ್ಟಿಲಿಳಿಯುವಾಗ ನೋವು ಬರುತ್ತಿದ್ದರೆ, ಹಣ ಕಟ್ಟುವ ಮೊದಲು ವೈದ್ಯರಿಗೆ ತೋರಿಸಿ. ನಿಮ್ಮ ಆರೋಗ್ಯ ವಿಮೆಯ ಡಿಡಕ್ಟಿಬಲ್, ಅಂದರೆ ವಿಮೆ ಕೊಡುವ ಮುನ್ನ ನೀವೇ ಭರಿಸಬೇಕಾದ ಮೊತ್ತ, ಎಷ್ಟೆಂದು ತಿಳಿದಿರುವುದೂ ಒಳ್ಳೆಯದು. ಅದು ಕೂಡ ಖರ್ಚಿನ ಲೆಕ್ಕದ ಭಾಗವೇ.

ಹವೆ ನೋಡಿ ದಿನ ಆರಿಸಿ. 15ರಿಂದ 30 ಡಿಗ್ರಿ ಫ್ಯಾರನ್‌ಹೀಟ್ ಕಲಿಯಲು ಹಿತ. ಅದೇ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗಿಳಿದ ಸಂಜೆ ಕಲಿಯುವುದಕ್ಕಿಂತ ಬೆರಳು ಕಾಪಾಡಿಕೊಳ್ಳುವುದೇ ಕೆಲಸವಾಗುತ್ತದೆ. ಹಗಲು ಹಿಮ ಕರಗಿ ಸಂಜೆ ಮತ್ತೆ ಹೆಪ್ಪುಗಟ್ಟಿದ ದಿನವೂ ಬೇಡ, ಇಳಿಜಾರು ಆಗ ಗಾಜಿನಂತಿರುತ್ತದೆ.

ಇಷ್ಟೂ ಖರ್ಚು ಹೆಚ್ಚೆನಿಸಿದರೆ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಇದೆ, ಅಂದರೆ ಗುಡ್ಡ ಇಳಿಯುವ ಬದಲು ಹಿಮದ ದಾರಿಯಲ್ಲಿ ಸ್ವಂತ ಬಲದಿಂದ ಸ್ಕೀ ಮೇಲೆ ಸಾಗುವುದು. ಲಿಫ್ಟ್ ಇಲ್ಲ, ಬೂಟು ಹಗುರ, ಬಾಡಿಗೆ ಕಡಿಮೆ, ದಾರಿಯ ಪಾಸು ಮಾತ್ರ ಬೇಕು. 2024ರ ಫೆಬ್ರವರಿಯಲ್ಲಿ ವಿಶ್ವಕಪ್ ಸ್ಪರ್ಧೆ ನಡೆದ ಮಿನಿಯಾಪೊಲಿಸ್‌ನ ಥಿಯೊಡೋರ್ ವರ್ತ್ ಉದ್ಯಾನದಲ್ಲೇ ವಯಸ್ಕರಿಗೆ ಪಾಠಗಳಿವೆ. ಭಾರತವನ್ನು ಪ್ರತಿನಿಧಿಸಿರುವ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಕ್ರೀಡೆಯೂ ಇದೇ. ಆದರೆ ನಿಮ್ಮ ಆಸೆ ಮಗಳ ಜೊತೆ ಗುಡ್ಡ ಇಳಿಯುವುದಾದ್ದರಿಂದ ಇದನ್ನು ಎರಡನೆಯ ದಾರಿಯಾಗಿ ಇಟ್ಟುಕೊಳ್ಳಿ.

ಕೊಲೊರಾಡೋಗೆ ಧೈರ್ಯವಾಗಿ ಹೋಗಿ. ಟಿಕೆಟ್ಟನ್ನು ವಾರಗಳ ಮೊದಲೇ ಕೊಳ್ಳಿ, ಸ್ಕೀಯನ್ನು ಪರ್ವತದ ಬುಡದಲ್ಲಿ ಬಾಡಿಗೆಗೆ ಪಡೆಯುವ ಬದಲು ಊರೊಳಗಿನ ಅಂಗಡಿಗಳ ದರವನ್ನೂ ಕೇಳಿ. ಬ್ರೆಕನ್‌ರಿಡ್ಜ್‌ನಂಥ ತಾಣದ ಬುಡವೇ ಸುಮಾರು 9,600 ಅಡಿ ಎತ್ತರದಲ್ಲಿದೆ. ಮೊದಲ ದಿನ ತಲೆನೋವು, ಏದುಸಿರು ಸಹಜ, ನೀರು ಹೆಚ್ಚು ಕುಡಿದು ಅರ್ಧ ದಿನ ಮಾತ್ರ ಇಳಿಯಿರಿ. ದಾರಿಗಳ ಬಣ್ಣದ ಗುರುತು ಆಯಾ ತಾಣಕ್ಕೆ ಸಂಬಂಧಿಸಿದ್ದು ಎಂಬುದನ್ನು ಮರೆಯಬೇಡಿ. ಹೈಲ್ಯಾಂಡ್‌ನ ಹಸಿರು ಅರ್ಧ ನಿಮಿಷದಲ್ಲಿ ಮುಗಿದರೆ ಅಲ್ಲಿಯ ಹಸಿರು ಮೈಲಿಗಟ್ಟಲೆ ಹೋಗಬಹುದು, ನಡುವೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತದೆ. ನಿಲ್ಲುವುದಾದರೆ ದಾರಿಯ ಅಂಚಿನಲ್ಲಿ, ಮೇಲಿನಿಂದ ಬರುವವರಿಗೆ ಕಾಣುವ ಜಾಗದಲ್ಲಿ ನಿಲ್ಲಿ.

ಮಗಳು ನಿಮಗಿಂತ ಬೇಗ ಇಳಿಯುತ್ತಾಳೆ. ಅವಳನ್ನು ಹಿಡಿಯಲು ಹೋದರೆ ನಿಮ್ಮ ವೇಗ ನಿಮ್ಮ ಕೈ ಮೀರುತ್ತದೆ. ಹೊರಡುವ ಮುನ್ನವೇ ಲಿಫ್ಟಿನ ಬುಡದ ಎಡಗಡೆ ಎಂದು ಒಂದು ಜಾಗ ಗೊತ್ತುಮಾಡಿಕೊಂಡು, ಅವಳನ್ನು ಮುಂದೆ ಬಿಟ್ಟು, ನಿಮ್ಮ ತಿರುವುಗಳನ್ನು ನೀವು ಒಂದೊಂದಾಗಿ ಮುಗಿಸಿಕೊಂಡು ಇಳಿಯಿರಿ. ಚೇರ್‌ಲಿಫ್ಟಿನಲ್ಲಿ ಮತ್ತೆ ಮೇಲೇರುವಾಗ ಇಬ್ಬರೂ ಪಕ್ಕದಲ್ಲೇ ಕೂತಿರುತ್ತೀರಿ.